ಸಂಪಾದಕರ ಉತ್ತರ: ತಿದ್ದುಪಡಿ ಹಾಕಲ್ಲ ಸರ್

ದಾವಣಗೆರೆಯ ಓದುಗರೊಬ್ಬರ ಕಾಗದ: "ಹೋದ ಸಂಚಿಕೆಯಲ್ಲಿ 'ಈಚ್ ಒನ್ ಟೀಚ್ ಒನ್' (ಕಲಿತ ಒಬ್ಬೊಬ್ಬರೂ ಇನ್ನೊಬ್ಬರಿಗೆ ಕಲಿಸಿ) ಅಮೆರಿಕದ ಕಪ್ಪು ಗುಲಾಮರ ಗಾದೆ ಅಂತ ಬರೆದಿದ್ದೀರಿ. ತಪ್ಪು. ಅದು ಫ್ರಾಂಕ್ ಲಾಬಾಕ್ ಅನ್ನೋ ಮಿಷನರಿಯ ಘೋಷಣೆ. ಮೊದಲೇ ಇತ್ತು ಅನ್ನೋಕೆ ದಾಖಲೆ ಎಲ್ಲಿದೆ?"

ಸರ್, ನಿಮ್ಮ ಓದು ದೊಡ್ಡದು, ಒಪ್ಪಿದೆ. 1930ರಲ್ಲಿ ಲಾಬಾಕ್ ಫಿಲಿಪೀನ್ಸ್‌ನ ಲಾನಾವೊದಲ್ಲಿ ಮರನಾವೊ ಜನಕ್ಕೆ ಅಕ್ಷರ ಕಲಿಸೋಕೆ ಹೊರಟಿದ್ದು, ಆರ್ಥಿಕ ಕುಸಿತ ಬಂದು ಮೇಷ್ಟ್ರುಗಳ ಸಂಬಳಕ್ಕೇ ದುಡ್ಡಿಲ್ಲ ಅಂದಾಗ ಕಲಿತೋರೇ ಕಲಿಸ್ಬೇಕು ಅಂತಾಗಿದ್ದು ಎಲ್ಲಾ ನಿಜ. ದೊಡ್ಡ ಮನುಷ್ಯ.

ಆದ್ರೆ ಅದಕ್ಕೆ ಸರಿಯಾಗಿ ನೂರು ವರ್ಷ ಮುಂಚೆ, 1830ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಗುಲಾಮ ಇನ್ನೊಬ್ಬ ಗುಲಾಮನಿಗೆ ಓದು ಕಲಿಸಿದ್ರೆ ಬರಿ ಬೆನ್ನಿಗೆ 39 ಛಡಿ ಏಟು. ಕಲಿಸ್ತಿದ್ರು ಅಂತ ತಾನೇ ಕಾಯ್ದೆ ಮಾಡಿದ್ದು? ಕದ್ದು ಕಲಿಸೋನು ದಾಖಲೆ ಬರೆದು ಸೈನ್ ಹಾಕಿ ಇಡ್ತಾನಾ ಸ್ವಾಮಿ?

ಫ್ರೆಡ್ರಿಕ್ ಡಗ್ಲಸ್ ತಗೊಳ್ಳಿ, ಗುಲಾಮನಾಗಿ ಹುಟ್ಟಿ ಮುಂದೆ ಗುಲಾಮಗಿರಿ ವಿರುದ್ಧವೇ ಹೋರಾಡಿದ ಅಮೆರಿಕದ ಕಪ್ಪು ನಾಯಕ. ಬಾಲ್ಟಿಮೋರ್‌ನಲ್ಲಿ ಯಜಮಾನತಿ ಎಬಿಸಿ ಹೇಳಿಕೊಟ್ಲು, ಗಂಡ ನಿಲ್ಲಿಸಿಬಿಟ್ಟ. ಹುಡುಗ ಏನ್ಮಾಡ್ದ, ಹೊರಗೆ ಕೆಲಸಕ್ಕೆ ಕಳಿಸಿದಾಗೆಲ್ಲ ಮನೆಯಿಂದ ಬ್ರೆಡ್ ಇಟ್ಕೊಂಡು ಹೋಗಿ ಬೀದಿಯ ಹಸಿದ ಬಿಳಿ ಹುಡುಗರಿಗೆ ಕೊಟ್ಟು ಅವರಿಂದ ಪಾಠ ಹೇಳಿಸ್ಕೊಂಡ. ಬರೆಯೋದು ಕಲಿತದ್ದಂತೂ ಹಡಗು ಕಟ್ಟೋ ಯಾರ್ಡಲ್ಲಿ, ಬಡಗಿಗಳು ಮರದ ದಿಮ್ಮಿ ಮೇಲೆ ಗುರುತಿಗೆ ಹಾಕ್ತಿದ್ದ ಎಲ್ಲು ಎಸ್ಸು ನೋಡಿ. ಆಮೇಲೆ ಸಿಕ್ಕ ಹುಡುಗರ ಎದುರು ಅದನ್ನೇ ಗೀಚಿ, ಇದಕ್ಕಿಂತ ಚೆನ್ನಾಗಿ ಬರಿ ನೋಡೋಣ ಅಂತ ಸವಾಲು ಹಾಕೋದು, ಅವರು ಬರೆದಿದ್ದನ್ನ ತಾನು ಕಲಿಯೋದು. ಎಂಥಾ ಕಿಲಾಡಿ! ದೊಡ್ಡವನಾದ್ಮೇಲೆ, ಇನ್ನೂ ಗುಲಾಮನಾಗಿದ್ದಾಗಲೇ, ಭಾನುವಾರದ ಗುಟ್ಟಿನ ಶಾಲೆ ನಡೆಸಿದ, ಒಂದು ಹಂತದಲ್ಲಿ 40ಕ್ಕೂ ಹೆಚ್ಚು ಜನ ಬರ್ತಿದ್ರಂತೆ. 1845ರ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ. ಇಂಥೋರ ಮಧ್ಯೆ ಹುಟ್ಟದೆ ಆ ಗಾದೆ ಇನ್ನೆಲ್ಲಿ ಹುಟ್ಟುತ್ತೆ?

ನನ್ನ ಸಿಟ್ಟು ನಿಮ್ಮ ಮೇಲಲ್ಲ ಬಿಡಿ. ನಾವು ಇದನ್ನ ಬ್ಯಾನರ್ ಮಾಡಿಟ್ಟಿದ್ದೀವಲ್ಲ, ಸೆಪ್ಟೆಂಬರ್ 8 ಬಂದ್ರೆ ಸಾಕ್ಷರತಾ ದಿನ, ಹಾರ, ಭಾಷಣ, ಫೋಟೋ, ಹೆಬ್ಬೆಟ್ಟು ಒತ್ತೋ ಅಜ್ಜಿಗೆ ಒಂದು ಸಹಿ ಕಲಿಸಿಬಿಟ್ರೆ ಕೆಲಸ ಮುಗೀತು. ಬ್ಯಾಂಕಲ್ಲಿ ಚಲನ್ ಹಿಡ್ಕೊಂಡು "ಸ್ವಲ್ಪ ತುಂಬಿಕೊಡಿ ಸಾರ್" ಅಂತ ಬರೋರು ಇವತ್ತಿಗೂ ಇದ್ದಾರೆ, ನಾವು ತುಂಬಿಕೊಟ್ಟು ಪುಣ್ಯ ಬಂತು ಅಂತ ಮನೆಗೆ ಬರ್ತೀವಿ. ಇಷ್ಟು ಮುದ್ದಾದ ಅಕ್ಷರದಲ್ಲಿ ಜಗಳ ಆಡ್ತೀರಲ್ಲ, ನೀವು ಯಾರಿಗೆ ಕಲಿಸಿದ್ದೀರಿ ಅಂತ ಮುಂದಿನ ಕಾಗದದಲ್ಲಿ ಬರೀರಿ.

ಲಾಬಾಕ್ ಬಗ್ಗೆ ನೀವು ಬರೆದಿರೋದನ್ನ ಪೂರ್ತಿ ಅಚ್ಚು ಹಾಕ್ತೀವಿ. ತಿದ್ದುಪಡಿ ಅನ್ನೋ ತಲೆಬರಹ ಮಾತ್ರ ಇರಲ್ಲ.