ಬಾಡಿಗೆ ಲೆಕ್ಕದಲ್ಲಿ ಕೊಳೆ ಎಲ್ಲಿದೆ?

(ಗುರುತು ಸಿಗದ ಹಾಗೆ ಊರು, ಉದ್ಯೋಗ, ಮೊತ್ತ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಮೊದಲು ಬಂದವರು ಹೆಂಡತಿ. ಶಿರಸಿಯ ನನ್ನ ಆಪ್ತಸಲಹೆಯ ಕೋಣೆಯಲ್ಲಿ ಕೂತವರೇ, "ಅಕ್ಕ, ಒಂದು ತಿಂಗಳಿಂದ ನಿದ್ದೆ ಇಲ್ಲ. ಇವರು ನನ್ನ ಬಂಗಾರ ಕೇಳ್ತಾ ಇದ್ದಾರೆ" ಎಂದರು. ನಾನು ಅದನ್ನು ಬಂಗಾರದ ಜಗಳ ಎಂದೇ ಬರೆದುಕೊಂಡೆ. ತಪ್ಪು ನನ್ನದೇ.

ಮುಂದಿನ ವಾರ ಗಂಡನೂ ಬಂದರು. ನಲವತ್ತೈದರ ಆಸುಪಾಸು, ಸೊಸೈಟಿಯೊಂದರಲ್ಲಿ ಗುಮಾಸ್ತರು, ಸಂಬಳ 26 ಸಾವಿರ. ವರ್ಷದ ಹಿಂದೆ ಅಣ್ಣತಮ್ಮಂದಿರ ಹಿಸೆ (ಆಸ್ತಿ ಪಾಲು) ಆಗಿತ್ತು. ಅಡಿಕೆ ತೋಟ ಅಣ್ಣನಿಗೆ, ಇವರಿಗೆ 24 ಲಕ್ಷ ನಗದು. ಕಾರವಾರದಲ್ಲಿ 42 ಲಕ್ಷದ ಫ್ಲ್ಯಾಟ್ ನೋಡಿದ್ದರು. ಉಳಿದ 18 ಲಕ್ಷಕ್ಕೆ ಬ್ಯಾಂಕ್ ಸಾಲ, ನೋಂದಣಿ ಖರ್ಚಿಗೆ ಹೆಂಡತಿಯ ಬಂಗಾರ. "ನೌಕಾನೆಲೆಯವರು, ಕೈಗಾದವರು ಬಾಡಿಗೆಗೆ ಸಾಲುಗಟ್ಟಿ ನಿಂತಿದ್ದಾರೆ" ಎಂದು ದಲ್ಲಾಳಿ ಹೇಳಿದ್ದನಂತೆ. ಕೈಗಾ ಅಣುವಿದ್ಯುತ್ ಸ್ಥಾವರದವರಿಗೆ ಮಲ್ಲಾಪುರದಲ್ಲಿ ಅವರದೇ ವಸಾಹತು ಇದೆ. ನೌಕಾನೆಲೆಯೂ ತನ್ನ ಸಿಬ್ಬಂದಿಗೆ ತಾನೇ ಮನೆ ಕಟ್ಟಿಕೊಳ್ಳುತ್ತಿದೆ. ಇದನ್ನು ದಲ್ಲಾಳಿ ಹೇಳಿರಲಿಲ್ಲ.

"ಇಷ್ಟು ಅವಸರ ಎಂತಕ್ಕೆ?" ಎಂದು ಕೇಳಿದೆ. ಅವರು ಬಹಳ ಹೊತ್ತು ಕಿಟಕಿ ನೋಡುತ್ತಾ ಕೂತರು. ಆಮೇಲೆ ಹೇಳಿದರು: "ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳೋ ಮೊದಲನೇ ಮಾತೇ, ನಿಮಗೆ ತೋಟ ಎಷ್ಟು ಅಂತ. ಈಗ ನಾನು ಎಂತ ಹೇಳಲಿ? ಬಾಡಿಗೆ ಮನೆ ಇದ್ರೆ ಅದೂ ಒಂದು ತೋಟ ಇದ್ದ ಹಾಗೆ ಅಲ್ವಾ?"

ಹೆಂಡತಿ ತಲೆ ಎತ್ತಿ ಗಂಡನನ್ನು ನೋಡಿದರು. ಈ ಮಾತು ಅವರ ಕಿವಿಗೂ ಅವತ್ತೇ ಮೊದಲು ಬಿದ್ದದ್ದು.

ನಾನು ಹಣಕಾಸಿನ ಸಲಹೆಗಾರಳಲ್ಲ. ಆದರೆ ಅವರೇ ತೋಟ ಎಂದಮೇಲೆ ದಾರಿ ಸುಲಭವಾಯಿತು. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಒಂದೇ ಸಾಲು: 14,000 x 12 = 1,68,000. ಕೆಳಗೆ ಎರಡು ಗೆರೆ ಎಳೆದಿದ್ದರು. "ತೋಟ ಅಂದ್ರೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರ್ತದೆ. ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬೇಕು, ಕೆಲವು ವರ್ಷ ಅರ್ಧ ಬೆಳೆಯೇ ಕೈಗೆ ಸಿಗೋದಿಲ್ಲ. ಈ ಲೆಕ್ಕದಲ್ಲಿ ಕೊಳೆ ಎಲ್ಲಿದೆ?" ಎಂದೆ.

ಅವರು ನಕ್ಕರು. ಆಮೇಲೆ ಪೆನ್ನು ತೆಗೆದುಕೊಂಡು ತಾವೇ ಬರೆದರು. ವರ್ಷಕ್ಕೆ ಒಂದು ತಿಂಗಳು ಖಾಲಿ ಎಂದು 14 ಸಾವಿರ ಕಳೆದರು. ಅಪಾರ್ಟ್‌ಮೆಂಟಿನ ನಿರ್ವಹಣೆಗೆ 18 ಸಾವಿರ. ಮನೆ ತೆರಿಗೆ, ಬಣ್ಣ, ನಲ್ಲಿ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಿಟಕಿ ಸರಳು ಇವಕ್ಕೆಲ್ಲ 16 ಸಾವಿರ. ಉಳಿದದ್ದು 1,20,000. 42 ಲಕ್ಷಕ್ಕೆ ಹೋಲಿಸಿದರೆ ನೂರಕ್ಕೆ ಮೂರು ರೂಪಾಯಿಯೂ ಇಲ್ಲ. ಸುಮ್ನೆ ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಅದಕ್ಕಿಂತ ಜಾಸ್ತಿ ಬರುತ್ತದೆ. ಇನ್ನು ಸಾಲ. ಶೇಕಡಾ 9ರ ಬಡ್ಡಿಗೆ 15 ವರ್ಷದ ಕಂತು ತಿಂಗಳಿಗೆ 18 ಸಾವಿರದ ಮೇಲೆ. ಬಾಡಿಗೆ ಪೂರ್ತಿ ಬಂದರೂ ನಾಲ್ಕು ಸಾವಿರ ಸಂಬಳದಿಂದಲೇ ಹೋಗಬೇಕು.

"ಜಾಗದ ಬೆಲೆ ಏರ್ತದಲ್ಲ?" ಎಂದರು. ಏರಬಹುದು. ಏರಿದ ಬೆಲೆ ಈ ತಿಂಗಳ ಕಂತು ಕಟ್ಟುವುದಿಲ್ಲ ಎಂದೆ. ಹೆಂಡತಿ ನಡುವೆ ಕೇಳಿದರು, "ರಾತ್ರಿ ಪೈಪ್ ಒಡೆದ್ರೆ ದೇವಿಮನೆ ಘಾಟಿ ಇಳಿದು ಕಾರವಾರಕ್ಕೆ ಯಾರು ಹೋಗೋದು?" ಅದಕ್ಕೆ ಉತ್ತರ ಬರಲಿಲ್ಲ.

ಬೇಡ ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವುದು ನನ್ನ ಕೆಲಸವೂ ಅಲ್ಲ. ಆರು ತಿಂಗಳು ಹಣ ಠೇವಣಿಯಲ್ಲಿರಲಿ, ಬಂಗಾರದ ಮಾತು ಎತ್ತುವುದು ಬೇಡ ಎಂದೆ. ಅಷ್ಟರೊಳಗೆ ಬಾಡಿಗೆ ಕೆಲಸ ಕಲಿಯಬೇಕು. ಶಿರಸಿ ಪೇಟೆಯ ಮಾವನ ಮನೆಯಲ್ಲಿ ಮಹಡಿಯ ಎರಡು ಕೋಣೆ ಖಾಲಿ ಇದ್ದವು. ಅವನ್ನು ಸರಿಮಾಡಿ ಬಾಡಿಗೆಗೆ ಕೊಡುವುದು, ಮುಂಗಡ ತೆಗೆದುಕೊಳ್ಳುವುದು, ಕರಾರುಪತ್ರ ಮಾಡಿಸುವುದು ಎಲ್ಲ ಇವರೇ. ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಯಾಕೆ ಎಂಬುದೂ ಆಗ ಗೊತ್ತಾಯಿತು: ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು.

ಕಾಗದಪತ್ರಕ್ಕೆ ವಕೀಲರ ಹತ್ತಿರ ಕಳಿಸಿದೆ, ದಲ್ಲಾಳಿ ತೋರಿಸಿದ ವಕೀಲರಲ್ಲ, ಇವರೇ ಹುಡುಕಿದವರು. ಋಣಭಾರ ಪತ್ರ (ಆಸ್ತಿಯ ಮೇಲೆ ಸಾಲ, ಅಡಮಾನ ಇದೆಯೋ ಎಂದು ತಿಳಿಸುವುದು), ಇ-ಖಾತೆ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ), ಎನ್‌ಎ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ), ರೇರಾ (ಕಟ್ಟಡ ಯೋಜನೆಗಳ ನಿಯಂತ್ರಣ ಪ್ರಾಧಿಕಾರ) ನೋಂದಣಿ. ಕರಾವಳಿಯಾದ್ದರಿಂದ ಸಿಆರ್‌ಝಡ್ (ಕಡಲತೀರದಲ್ಲಿ ಕಟ್ಟಡಕ್ಕೆ ನಿರ್ಬಂಧವಿರುವ ವಲಯ) ಗಡಿಯೊಳಗೆ ಬರುತ್ತದೆಯೋ ಎಂಬುದನ್ನೂ ನೋಡಲು ಹೇಳಿದೆ. ಹದಿನೈದು ದಿನದಲ್ಲಿ ವಕೀಲರು ಫೋನ್ ಮಾಡಿದರು: ಆ ಕಟ್ಟಡದ ಜಾಗದ ಎನ್‌ಎ ಆದೇಶವೇ ಕೈಗೆ ಸಿಕ್ಕಿರಲಿಲ್ಲ.

ಪಂಕ್ತಿಯ ಮಾತಿಗೆ ಇನ್ನೂ ಮೂರು ಭೇಟಿ ಬೇಕಾಯಿತು. ಅಣ್ಣನ ಮೇಲಿನ ಸಿಟ್ಟು, ಅಪ್ಪ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂಬ ಪ್ರಶ್ನೆ, ಅವೆಲ್ಲ ಇಲ್ಲಿ ಬರೆಯುವಂಥವಲ್ಲ. ಎರಡನೇ ಭೇಟಿಯಲ್ಲಿ ಅತ್ತರು ಎಂದಷ್ಟೇ ಹೇಳುತ್ತೇನೆ.

ಮಳೆಗಾಲ ಕಳೆದು ದಂಪತಿ ಒಮ್ಮೆ ಬಂದರು. ಮಹಡಿಗೆ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು ಬಂದಿದ್ದಾರೆ, ತಿಂಗಳಿಗೆ 5,500. ಜುಲೈನಲ್ಲಿ ಹಂಚು ಸೋರಿ ರಾತ್ರಿ ಹನ್ನೊಂದಕ್ಕೆ ಏಣಿ ಹತ್ತಿದ್ದರಂತೆ. ನೋಟ್‌ಬುಕ್ ತೋರಿಸಿದರು. ಈಗ ಲೆಕ್ಕ ಬರೆಯುವವರು ಹೆಂಡತಿ. ಖರ್ಚಿನ ಕಲಮಿನ ಮೇಲೆ ದುಂಡಗಿನ ಅಕ್ಷರದಲ್ಲಿ "ಕೊಳೆ" ಎಂದು ಬರೆದಿದ್ದರು.