ನಮ್ಮಪ್ಪನ ಸಿಟ್ಟೇ ನನಗೂ ಬಂದಿದೆ. ಬಿಡೋದು ಹೇಗೆ?

ರೇಗಿದ ಮೇಲೆ ಅದು ಅಪ್ಪನದೇ ದನಿ ಅಂತ ಗೊತ್ತಾಗುತ್ತೆ, ಅಂತ ಬರೆದಿದ್ದೀರಿ. ನನ್ನದೂ ಅದೇ ಕಥೆ. ಪೂರ್ತಿ ಬಿಟ್ಟಿದ್ದೇನೆ ಅಂತ ಹೇಳಲಾರೆ, ಮೊದಲಿನಷ್ಟಂತೂ ಇಲ್ಲ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟದ ಮನೆ. "ನಮ್ಮ ವಂಶದ ಗಂಡಸರಿಗೆ ಸಿಟ್ಟು ಮೂಗಿನ ತುದೀಲೇ" ಅಂತ ಮನೆಯವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ತೋಟದ ಜೊತೆ ಅದೂ ಒಂದು ಪಿತ್ರಾರ್ಜಿತ ಆಸ್ತಿ! ಯಾರ ಕೈಯಿಂದ ಏನು ಬಿದ್ದರೂ ತಾತನದು ಒಂದೇ ಮಾತು: "ಕೈಗೇನು ಲಕ್ವ ಹೊಡೆದಿದೆಯಾ?" ಅಪ್ಪನೂ ಅದನ್ನೇ ಅಂದರು. ಮೂರು ವರ್ಷದ ಹಿಂದೆ ಮಗಳು ಹಾಲು ಚೆಲ್ಲಿದಾಗ ನನ್ನ ಬಾಯಲ್ಲೂ ಅದೇ ಬಂತು. ಅವಳಿಗಾಗ ನಾಲ್ಕು ವರ್ಷ. ಎರಡು ದಿನ ಬಿಟ್ಟು ನೋಡಿದರೆ, ಹುಬ್ಬು ಗಂಟು ಹಾಕಿಕೊಂಡು ತನ್ನ ಗೊಂಬೆಗೆ ಅದೇ ಮಾತು ಹೇಳುತ್ತಿದ್ದಾಳೆ. ಲಕ್ವ ಅಂದರೆ ಏನು ಅಂತ ಅವಳಿಗೆ ಗೊತ್ತೂ ಇಲ್ಲ.

ಆಲ್ಬರ್ಟ್ ಬಂಡೂರಾ ಅನ್ನೋ ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫೋರ್ಡ್‌ನಲ್ಲಿ 72 ಪುಟ್ಟ ಮಕ್ಕಳ ಜೊತೆ ಮಾಡಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಗುದ್ದುವುದನ್ನು ನೋಡಿದ ಅನೇಕ ಮಕ್ಕಳು ಆಮೇಲೆ ತಾವೂ ಹಾಗೇ ಗುದ್ದಿದರು, ಅವರಾಡಿದ ಮಾತಿನ ಸಮೇತ. ಅದು ನಮ್ಮ ಹಾಲ್‌ನಲ್ಲೇ ನಡೆಯಿತು ಬಿಡಿ. ಮುಂಗೋಪ ಸ್ವಲ್ಪ ಹುಟ್ಟಿನಿಂದಲೇ ಬಂದಿರಬಹುದು. ಆ ಮಾತು, ಆ ಹುಬ್ಬು ರಕ್ತದಲ್ಲಿ ಬರೋದಲ್ಲ, ಅಲ್ವಾ?

ಆಪ್ತಸಮಾಲೋಚಕರೊಬ್ಬರು ನನ್ನಿಂದ ಮೂರು ತಲೆಮಾರಿನ ನಕ್ಷೆ ಬರೆಸಿದರು. ಜೀನೋಗ್ರಾಮ್ ಅಂತಾರೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಜಗಳ ಇದ್ದ ಕಡೆ ಅಂಕುಡೊಂಕು ಗೆರೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ. ಗೊತ್ತಿಲ್ಲದ್ದನ್ನು ಸೋದರತ್ತೆಗೆ ಫೋನ್ ಮಾಡಿ ಕೇಳಿದೆ. "ಕೊಬ್ಬರಿ ರೇಟು ಬಿದ್ದ ದಿನ ನಿಮ್ಮ ತಾತ ಮಂಡಿಯಿಂದ ಬಂದರೆ, ಚಪ್ಪಲಿ ಸದ್ದಿಗೇ ನಾವೆಲ್ಲ ಹಿತ್ತಲಿಗೆ ಓಡ್ತಿದ್ವಿ ಕಣೋ. ಸಾಲ ಕೊಟ್ಟ ಸಾವುಕಾರನ ಮುಂದೆ ಮಾತ್ರ ಕೈಕಟ್ಟಿ ನಿಲ್ತಿದ್ರು" ಅಂದರು.

ವಂಶದ ಸಿಟ್ಟು ಸಾವುಕಾರನ ಮುಂದೆ ಎಲ್ಲಿ ಹೋಗ್ತಿತ್ತು? ನಕ್ಷೆ ನೋಡಿದೆ. ಅಂಕುಡೊಂಕು ಗೆರೆಗಳೆಲ್ಲ ಹೆಂಡತಿ ಮಕ್ಕಳ ಕಡೆಗೇ ಹೋಗಿದ್ದವು. ನಾನೂ ಆಫೀಸಿನಲ್ಲಿ ಬಾಸ್ ಎದುರು ದನಿ ಎತ್ತಿದವನಲ್ಲ.

ಈಗ ದವಡೆ ಬಿಗಿಯಾದರೆ "ತಾತ ಮಂಡಿಯಿಂದ ಬಂದ್ರು" ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತೇನೆ. ಸುಮ್ನೆ ಅಷ್ಟೇ. ಒಮ್ಮೊಮ್ಮೆ ಹೆಂಡತಿಯೇ "ಇವತ್ತು ಕೊಬ್ಬರಿ ರೇಟು ಎಷ್ಟಂತೆ?" ಅಂತ ಕೇಳುತ್ತಾಳೆ. ನಗು ಬಂದುಬಿಡುತ್ತೆ. ಹತ್ತರಲ್ಲಿ ಆರೇಳು ಸಲ ಇದು ನಡೆಯುತ್ತೆ. ನಡೆಯದ ದಿನ ಮಗಳ ಹತ್ತಿರ "ತಪ್ಪಾಯ್ತು" ಅನ್ನುತ್ತೇನೆ. ಅಪ್ಪ, ತಾತನ ಬಾಯಲ್ಲಿ ಆ ಮಾತು ನಾನು ಕೇಳಿಯೇ ಇಲ್ಲ. ನಿಮ್ಮದು ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ಇಷ್ಟನ್ನೇ ನಂಬಿ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಟೆಲಿ ಮಾನಸ್ ಅಂತ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ಮೇಲಿನ ಸಿಟ್ಟು ಹೋಗುತ್ತಾ ಅಂತಲೂ ಕೇಳಿದ್ದೀರಿ. ನನಗೆ ಪೂರ್ತಿ ಹೋಗಿಲ್ಲ. ಅವರಿಗೀಗ 74, ಕೈ ನಡುಗುತ್ತೆ. ಹೋದ ದಸರಾಕ್ಕೆ ಊರಲ್ಲಿದ್ದಾಗ ಅವರ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಬಿದ್ದ ಲೋಟ ಬಿಟ್ಟು ಅವರು ಮೊದಲು ನನ್ನ ಮುಖ ನೋಡಿದರು. ನಾನು ಒಳಗಿಂದ ಒರೆಸೋ ಬಟ್ಟೆ ತಂದೆ. ಇನ್ನೊಂದು ಲೋಟ ಕಾಫಿ ಕೊಡು ಅಂತ ಮಗಳು ಅಜ್ಜಿಗೆ ಕೂಗಿ ಹೇಳಿದಳು.