ಹಿತ್ತಲು-ಹೂದೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಮನೆಯ ಹಿತ್ತಲಿನ ಚಪ್ಪರಕ್ಕೆ ಆರು ವರ್ಷಗಳ ಹಿಂದೆ ಚೀನಾ ವಿಸ್ಟೀರಿಯಾ ಬಳ್ಳಿ ಹಬ್ಬಿಸಿದೆವು. ಹುಲ್ಲುಹಾಸಿನ ಗೊಬ್ಬರವನ್ನೇ ಇದಕ್ಕೂ ಹಾಕಿ, ಪ್ರತಿ ಮಾರ್ಚಿನಲ್ಲಿ ಬಳ್ಳಿಯನ್ನು ಒಂದೇ ಸಮನಾಗಿ ಕತ್ತರಿಸುತ್ತೇವೆ. ಎಲೆ ದಟ್ಟವಾಗಿ ಬರುತ್ತದೆ. ಹೂವು ಮಾತ್ರ ಒಂದು ಗೊಂಚಲೂ ಇಲ್ಲ. ಕಾರಣವೇನು?

ಉತ್ತರ: ಕಾರಣಗಳೆರಡೂ ನಿಮ್ಮ ಪತ್ರದಲ್ಲಿಯೇ ಇವೆ. ವಿಸ್ಟೀರಿಯಾ ನಮ್ಮ ಅವರೆ, ತೊಗರಿಗಳ ಕುಟುಂಬಕ್ಕೇ ಸೇರಿದ್ದು, ಬೇರಿನ ಗಂಟುಗಳ ಮೂಲಕ ತನಗೆ ಬೇಕಾದ ಸಾರಜನಕವನ್ನು ಬಹುಮಟ್ಟಿಗೆ ತಾನೇ ಒದಗಿಸಿಕೊಳ್ಳುತ್ತದೆ. ಹುಲ್ಲುಹಾಸಿನ ಗೊಬ್ಬರದಲ್ಲಿ ಮುಖ್ಯವಾಗಿ ಇರುವುದೂ ಸಾರಜನಕವೇ. ಗೊಬ್ಬರ ಹೆಚ್ಚಾದ ಅವರೆ ಸೊಕ್ಕಿ ಬೆಳೆದು ಕಾಯಿ ಕಚ್ಚದಿರುವುದನ್ನು ಊರಿನಲ್ಲಿ ನೀವು ನೋಡಿರಬಹುದು. ನಿಮ್ಮ ಚಪ್ಪರದ ಮೇಲೆ ಆಗಿರುವುದೂ ಅದೇ. ಗೊಬ್ಬರವನ್ನು ಪೂರ್ತಿಯಾಗಿ ನಿಲ್ಲಿಸಿ.

ಎರಡನೆಯದು ಕತ್ತರಿ. ಮೇ ತಿಂಗಳಲ್ಲಿ ಅರಳಬೇಕಾದ ಮೊಗ್ಗುಗಳು ಹಿಂದಿನ ಬೇಸಿಗೆಯಲ್ಲಿಯೇ ರೂಪುಗೊಂಡು ಚಳಿಗಾಲವಿಡೀ ಬಳ್ಳಿಯ ಮೇಲೆ ಕಾದಿರುತ್ತವೆ. ಮಾರ್ಚಿನಲ್ಲಿ ನೋಡದೆ ಕತ್ತರಿಸಿದರೆ ಕೆಳಗೆ ಬೀಳುವುದು ಆ ವರ್ಷದ ಹೂವೇ. ಹೂಗಾಲ ಮುಗಿದ ಮೇಲೆ, ಜುಲೈ-ಆಗಸ್ಟ್‌ನಲ್ಲಿ, ಚಾಟಿಯಂತೆ ಚಾಚಿದ ಹೊಸ ಕುಡಿಗಳನ್ನು ಐದಾರು ಎಲೆಗಳಷ್ಟು ಉಳಿಸಿ ಕತ್ತರಿಸಿ. ಫೆಬ್ರವರಿಯಲ್ಲಿ ಅವೇ ಕುಡಿಗಳನ್ನು ಎರಡು-ಮೂರು ಮೊಗ್ಗುಗಳಿಗೆ ಇಳಿಸಿ. ಆಗ ಬಳ್ಳಿಯನ್ನು ಹತ್ತಿರದಿಂದ ನೋಡಿದರೆ ಹೂಮೊಗ್ಗು ದುಂಡಗೆ ಉಬ್ಬಿಕೊಂಡಿರುತ್ತದೆ, ಎಲೆಮೊಗ್ಗು ಸಣ್ಣಗೆ, ಚೂಪಾಗಿ ಕೊಂಬೆಗೆ ಅಂಟಿಕೊಂಡಿರುತ್ತದೆ.

ಗಿಡ ಬೀಜದಿಂದ ಬೆಳೆದದ್ದಾದರೆ ಹತ್ತು-ಹದಿನೈದು ವರ್ಷ ಕಾಯಬೇಕಾದೀತು. ಕಸಿ ಗಿಡ ಮೂರು-ನಾಲ್ಕು ವರ್ಷಗಳಲ್ಲಿಯೇ ಹೂಬಿಡುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಇದರ ಬೀಜ ಮತ್ತು ಕಾಯಿ ವಿಷಕಾರಿ. ಅವರೆಕಾಯಿಯಂತೆಯೇ ತೋರುವುದರಿಂದ ಮಕ್ಕಳಿರುವ ಮನೆಯಲ್ಲಿ ಎಚ್ಚರ ಅಗತ್ಯ. ಚೀನಾ ಮತ್ತು ಜಪಾನ್ ಮೂಲದ ವಿಸ್ಟೀರಿಯಾಗಳು ಅಮೆರಿಕದ ಪೂರ್ವ ಭಾಗದಲ್ಲಿ ಕಾಡಿಗೆ ನುಗ್ಗಿ ಮರಗಳನ್ನು ಬಿಗಿದು ಕೊಲ್ಲುತ್ತಿವೆ. ಹೊಸದಾಗಿ ನೆಡುವವರಿಗೆ ನಾನು ಸೂಚಿಸುವುದು ಆ ನೆಲದ್ದೇ ಆದ ಅಮೆರಿಕನ್ ವಿಸ್ಟೀರಿಯಾವನ್ನು. ಅದರ ಗೊಂಚಲು ಗಿಡ್ಡ, ಆದರೆ ಹರಡುವ ಹಾವಳಿ ಕಡಿಮೆ.

ನಿಮ್ಮ ಬಳ್ಳಿ ಹೂಬಿಡುವವರೆಗೆ ಚಪ್ಪರದ ಕೆಳಗೆ ಬರಿದಾಗಿರಬೇಕಿಲ್ಲ. ಅಕ್ಟೋಬರಿನಲ್ಲಿ ಡ್ಯಾಫೋಡಿಲ್ ಗಡ್ಡೆಗಳನ್ನು ಹೂಳಿದರೆ, ವಿಸ್ಟೀರಿಯಾ ಎಲೆ ಬಿಚ್ಚಿ ನೆರಳು ಮಾಡುವ ಮೊದಲೇ, ಏಪ್ರಿಲ್ ಹೊತ್ತಿಗೆ ಅವು ಅರಳುತ್ತವೆ. ಟುಲಿಪ್‌ಗಳನ್ನು ಜಿಂಕೆಗಳು ಮೇಯುತ್ತವೆ, ಡ್ಯಾಫೋಡಿಲ್‌ಗಳನ್ನು ಮುಟ್ಟುವುದಿಲ್ಲ. ಹೂ ಬಾಡಿದ ಮೇಲೆ ಎಲೆಗಳು ತಾವಾಗಿ ಹಳದಿಯಾಗುವ ತನಕ ಕತ್ತರಿಸಬಾರದು. ಮುಂದಿನ ವರ್ಷದ ಗಡ್ಡೆ ತುಂಬುವುದು ಅವುಗಳಿಂದಲೇ.

ಪ್ರಶ್ನೆ: ಮಗಳ ಮನೆಗೆ ವಿದೇಶಕ್ಕೆ ಹೋದಾಗ ವಿಸ್ಟೀರಿಯಾ ನೋಡಿ ಮರುಳಾದೆ. ಮೈಸೂರಿನಲ್ಲಿ ಬೆಳೆಯಬಹುದೇ?

ಉತ್ತರ: ಬಳ್ಳಿ ಬದುಕಬಹುದು, ಹೂವಿನ ಆಸೆ ಬೇಡ. ಅದಕ್ಕೆ ಎಲೆ ಉದುರಿಸಿ ಮಲಗುವಷ್ಟು ಚಳಿಗಾಲ ಬೇಕು. ಶಿಮ್ಲಾ, ಮಸ್ಸೂರಿಗಳಲ್ಲಿ ಸಿಗುವ ಆ ಚಳಿ ಮೈಸೂರಿನ ಡಿಸೆಂಬರಿನಲ್ಲಿ ಇಲ್ಲ. ಬದಲಿಗೆ ಪೆಟ್ರಿಯಾ ಎಂಬ ಹೂಬಳ್ಳಿ ನೆಡಿ. ನರ್ಸರಿಯಲ್ಲಿ ಎಲೆಯ ಮೇಲೆ ಬೆರಳಾಡಿಸಿ: ಉಪ್ಪುಕಾಗದದಂತೆ ಒರಟಾಗಿದ್ದರೆ ಅದೇ. ಬೇಸಿಗೆಯ ಆರಂಭಕ್ಕೆ ಬಳ್ಳಿಯ ತುಂಬ ನೇರಳೆ ಹೂಗೊಂಚಲು ಇಳಿಬೀಳುತ್ತದೆ. ನಡುವಿನ ಕಡುನೇರಳೆ ಹೂವು ಕೆಲವೇ ದಿನಗಳಲ್ಲಿ ಉದುರಿದರೂ, ನಕ್ಷತ್ರದಾಕಾರದ ತಿಳಿನೇರಳೆ ಪುಷ್ಪಪಾತ್ರೆ (ಹೂವಿನ ಬುಡದ ಹೊರದಳಗಳು) ವಾರಗಟ್ಟಲೆ ಉಳಿಯುತ್ತದೆ. ಗೂಟಿ ಕಟ್ಟಿ, ಅಂದರೆ ಬಳ್ಳಿಯಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ, ಸಸಿ ಮಾಡಿಕೊಳ್ಳಬಹುದು. ಕಂಬ ಮಾತ್ರ ಗಟ್ಟಿಯಾಗಿರಲಿ, ಕಾಂಡ ವರ್ಷ ಕಳೆದಂತೆ ಮರದಂತೆ ದಪ್ಪವಾಗುತ್ತದೆ.